ಹೊಗೆಗೆ ಗಡುವಿದೆ, ಹೋಸಿಗಿಲ್ಲ

ನಮ್ಮ ಮನೆಯ ಮಾರುತಿ 800 ಬಿಡುವ ಹೊಗೆಯನ್ನು ಸರ್ಕಾರ ಆರು ತಿಂಗಳಿಗೊಮ್ಮೆ ಮೂಸಿ ನೋಡುತ್ತದೆ. ಗಾಡಿ 1998ರದು. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತ ವ್ಯಾನಿನ ಹುಡುಗ ಸೈಲೆನ್ಸರಿನೊಳಗೆ ಒಂದು ಕೊಳವೆ ತೂರಿಸುತ್ತಾನೆ, ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾನೆ, ಚೀಟಿ ಕೈಗಿಡುತ್ತಾನೆ. ಐದು ನಿಮಿಷದ ಕೆಲಸ. ಅದೇ ಗಾಡಿಯ ಬ್ರೇಕಿನ ಬಗ್ಗೆ ಕಾನೂನು ಮೊದಲ ಸಲ ವಿಚಾರಿಸಿದ್ದು ಅದಕ್ಕೆ 15 ವರ್ಷ ತುಂಬಿ, ನೋಂದಣಿ ನವೀಕರಿಸಬೇಕಾಗಿ ಬಂದಾಗ. ಆಮೇಲಿನ ಸರದಿ ಐದೈದು ವರ್ಷಕ್ಕೊಮ್ಮೆ. ಟ್ಯಾಕ್ಸಿಗೂ ಲಾರಿಗೂ ಈ ಸಲುಗೆ ಇಲ್ಲ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲೇಬೇಕು. ಸ್ವಂತ ಕಾರಿನವನನ್ನು ಕಾನೂನು ಅಷ್ಟರ ಮಟ್ಟಿಗೆ ನಂಬಿದೆ. ಆ ನಂಬಿಕೆಗೆ ನಾನು ತಕ್ಕವನೇ ಎಂಬ ಅನುಮಾನ ಹುಟ್ಟಿಸಿದ್ದು ಗೇಣುದ್ದದ ಒಂದು ರಬ್ಬರ್ ಕೊಳವೆ.

ಗ್ಯಾರೇಜಿನ ಮಾತಿನಲ್ಲಿ ಅದು ಹೋಸ್ ಪೈಪು. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರಿನೊಳಗಿನ ದ್ರವದ ಮೇಲೆ ಒತ್ತಡ ಬೀಳುತ್ತದೆ. ಆ ಒತ್ತಡ ಸಪೂರ ಉಕ್ಕಿನ ಪೈಪುಗಳಲ್ಲಿ ಬಾಡಿಯುದ್ದಕ್ಕೂ ಸಾಗಿ ಚಕ್ರದ ಹತ್ತಿರ ಬರುತ್ತದೆ. ಅಲ್ಲಿಂದ ಮುಂದಕ್ಕೆ ಉಕ್ಕು ನಡೆಯುವುದಿಲ್ಲ. ಬಾಡಿ ಇದ್ದಲ್ಲೇ ಇರುತ್ತದೆ, ಚಕ್ರ ಗುಂಡಿಗೆ ಇಳಿಯುತ್ತದೆ, ಹಂಪಿಗೆ ಏಳುತ್ತದೆ, ಮುಂದಿನ ಚಕ್ರವಾದರೆ ಸ್ಟೇರಿಂಗ್ ತಿರುಗಿದಂತೆಲ್ಲ ಹೊರಳುತ್ತದೆ. ಉಕ್ಕಿನ ಪೈಪನ್ನು ಹೀಗೆ ದಿನಕ್ಕೆ ಸಾವಿರ ಸಲ ಬಗ್ಗಿಸಿದರೆ, ಮಕ್ಕಳು ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ಮುರಿಯುತ್ತಾರಲ್ಲ, ಹಾಗೆ ಮುರಿಯುತ್ತದೆ. ಅದಕ್ಕೇ ಕೊನೆಯ ಗೇಣು ರಬ್ಬರಿನದು. ದ್ರವದ ಬ್ರೇಕನ್ನು ಕಾರಿಗೆ ಒಗ್ಗಿಸಿದವರಲ್ಲಿ ಮುಖ್ಯನಾದ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ (ವಿಮಾನ ಕಂಪನಿಗೆ ಹೆಸರು ಕೊಟ್ಟ ಅಣ್ಣತಮ್ಮಂದಿರಲ್ಲಿ ಒಬ್ಬ) ಬಿಡಿಸಬೇಕಾಗಿದ್ದ ಒಗಟೂ ಇದೇ ಆಗಿತ್ತು. 1921ರ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂತು. 1924ರ ಕ್ರೈಸ್ಲರ್ ಅದನ್ನು ಅಷ್ಟೇನೂ ದುಬಾರಿಯಲ್ಲದ ಗಾಡಿಗೂ ಇಳಿಸಿತು. ಆಮೇಲೆ ಡಿಸ್ಕ್ ಬಂತು, ಎಬಿಎಸ್ ಬಂತು. ಕೊನೆಯ ಗೇಣು ಇವತ್ತಿಗೂ ರಬ್ಬರೇ.

ಟೈರಿಗೆ ನಾವು ತುಂಬಿಸುವ ಗಾಳಿ 30 ಪಿಎಸ್‌ಐ ಆಸುಪಾಸು. ಎದುರಿಗೆ ಎಮ್ಮೆ ಬಂತೆಂದು ಗಾಬರಿಯಲ್ಲಿ ತುಳಿದಾಗ ಹೋಸಿನೊಳಗಿನ ಒತ್ತಡ 1,000 ಪಿಎಸ್‌ಐ ದಾಟುತ್ತದೆ. ಅದನ್ನು ತಡೆಯಲೆಂದೇ ಒಳಗೊಂದು ರಬ್ಬರ್ ಕೊಳವೆ, ಅದರ ಮೇಲೆ ನೂಲಿನ ಬಿಗಿಯಾದ ಹೆಣಿಗೆ, ಎಲ್ಲಕ್ಕೂ ಮೇಲೆ ಇನ್ನೊಂದು ರಬ್ಬರ್ ಹೊದಿಕೆ. ದ್ರವ ಹರಿಯುವ ತೂತು ಮೂರು ಮಿಲಿಮೀಟರಿನ ಆಚೀಚೆ. ಅಮೆರಿಕದ 106ನೇ ಸುರಕ್ಷತಾ ಮಾನದಂಡದಲ್ಲಿ ಒಂದು ಪರೀಕ್ಷೆಯಿದೆ: ಹೋಸನ್ನು ಯಂತ್ರಕ್ಕೆ ಕಟ್ಟಿ 35 ಗಂಟೆ ಎಡೆಬಿಡದೆ ಕುಣಿಸುತ್ತಾರೆ, ಒಡೆಯಬಾರದು. ಹಾಗೆ ಕುಣಿದು ಪಾಸಾಗುವುದು ಹೊಚ್ಚಹೊಸ ಹೋಸು. ಇಪ್ಪತ್ತೈದು ಮಳೆಗಾಲ ಕೆಸರು ತಿಂದ ಹೋಸಿಗೆ ಅಂಥ ಯಂತ್ರ ಯಾವ ಊರಿನಲ್ಲೂ ಇಲ್ಲ.

ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯಿಂದ ಉಡುಪಿಗೆ ಒಂದು ಮದುವೆಗೆ ಹೊರಟಿದ್ದೆವು. ಆಗುಂಬೆ ಘಾಟಿಯ 14 ತಿರುವು ಇಳಿದು ಸೋಮೇಶ್ವರದಲ್ಲಿ ಕಾಫಿಗೆ ನಿಲ್ಲಿಸಿದಾಗ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸುಟ್ಟ ವಾಸನೆ. ಮುಂದಿನ ಎಡಗಡೆ ಚಕ್ರದ ಹತ್ತಿರ ಅಂಗೈ ಒಯ್ಯಲಾಗದಷ್ಟು ಕಾವು. ಬಲಗಡೆಯದು ಬೆಚ್ಚಗಿತ್ತು ಅಷ್ಟೆ. ಅಕ್ಕ ಕುಡಿಯುವ ನೀರಿನ ಬಾಟಲಿ ಹಿಡಿದು ಚಕ್ರಕ್ಕೆ ಸುರಿಯಲು ಬಂದಳು, ತಡೆದೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾದೀತು. ಮುಕ್ಕಾಲು ಗಂಟೆ ಆರಿಸಿಕೊಂಡು ನಿಧಾನವಾಗಿ ಉಡುಪಿ ಸೇರಿದೆವು.

ಊರಿಗೆ ಬಂದ ಮೇಲೆ ಒಂದು ಗ್ಯಾರೇಜಿನಲ್ಲಿ ‘ಪ್ಯಾಡ್ ಜಾಮ್’ ಎಂದು ಪ್ಯಾಡ್ ಬದಲಿಸಿದರು. ತಿಂಗಳಲ್ಲಿ ಮತ್ತೆ ಅದೇ ವಾಸನೆ. ಇನ್ನೊಂದು ಕಡೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ಕಿಟ್ ಹಾಕಿದರು. ಎರಡು ವಾರ ಸರಿ ಇತ್ತೋ ಅಥವಾ ಹಾಗೆಂದು ನಾನು ಅಂದುಕೊಂಡೆನೋ. ಮೂರನೆಯ ಸಲ ಸಿಕ್ಕಿದ್ದು ವಯಸ್ಸಾದ ಒಬ್ಬ ಮೇಸ್ತ್ರಿ. ಇಷ್ಟೂ ಕಥೆ ಕೇಳಿ, ‘ಹೋಸ್ ನೋಡಿದ್ರಾ ಯಾರಾದ್ರೂ?’ ಎಂದರು.

‘ನೋಡಿದ್ದಾರೆ, ಚೆನ್ನಾಗೇ ಇದೆಯಂತೆ.’

‘ಹೊರಗೆ ಚೆನ್ನಾಗಿದೆ ಮಾರಾಯ್ರೆ. ಒಳಗೆ ಯಾರು ಹೊಕ್ಕು ನೋಡಿದ್ರು?’

ಅವರು ಮಾಡಿದ ಪರೀಕ್ಷೆಗೆ ಒಂದು ಜಾಕು, ಒಂದು ಸ್ಪ್ಯಾನರು ಸಾಕಾಯಿತು. ಚಕ್ರ ಎತ್ತಿ, ಪೆಡಲ್ ಮೂರು ಸಲ ತುಳಿಸಿ ಬಿಡಿಸಿದರು. ಚಕ್ರ ಕೈಯಲ್ಲಿ ತಿರುಗಲಿಲ್ಲ. ಮೊದಲು ಉಕ್ಕಿನ ಪೈಪು ಹೋಸಿಗೆ ಸೇರುವ ನಟ್ಟನ್ನು ಸಡಿಲಿಸಿದರು. ತೊಟ್ಟು ದ್ರವ ಜಿನುಗಿತು, ಚಕ್ರ ಹಾಗೇ ಬಿಗಿದುಕೊಂಡಿತ್ತು. ಆಗಲೇ ಬಿಟ್ಟುಕೊಂಡಿದ್ದರೆ ತೊಂದರೆ ಮೇಲೆ ಮಾಸ್ಟರ್ ಸಿಲಿಂಡರಿನ ಕಡೆ ಇದೆ ಎಂದು ಅರ್ಥ. ಆ ನಟ್ಟು ಬಿಗಿದು, ಕ್ಯಾಲಿಪರಿನಲ್ಲಿ ಏರ್ ತೆಗೆಯುವ ನಿಪ್ಪಲನ್ನು ಅರ್ಧ ಸುತ್ತು ತಿರುವಿದರು. ಚಿರ್ ಎಂದು ಚಿಮ್ಮಿತು, ಚಕ್ರ ಸರಾಗವಾಗಿ ತಿರುಗಿತು. ನಿಪ್ಪಲ್ ಬಿಟ್ಟ ಮೇಲೂ ಬಿಗಿದೇ ಇದ್ದಿದ್ದರೆ ಕ್ಯಾಲಿಪರನ್ನು ಅನುಮಾನಿಸಬೇಕಿತ್ತು. ಮೇಲೂ ಇಲ್ಲ, ಕೆಳಗೂ ಇಲ್ಲ ಎಂದಮೇಲೆ ಉಳಿಯಿತಲ್ಲ ಮಧ್ಯದ ಗೇಣು. ಹತ್ತು ನಿಮಿಷ ಹಿಡಿಯಿತು. ಅದಕ್ಕೆ ಮೊದಲು ಎರಡು ಗ್ಯಾರೇಜಿಗೆ ನಾನು ಕೊಟ್ಟ ದುಡ್ಡನ್ನು ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಬಿಚ್ಚಿದ ಹೋಸನ್ನು ಕೇಳಿ ತಂದು, ಅಂಗಳದಲ್ಲಿ ಕೂತು, ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಮೈ ಕರ್ರಗೆ, ಒಂದೆರಡು ನವಿರು ಗೆರೆ ಬಿಟ್ಟರೆ ದೋಷವಿಲ್ಲ. ಒಳಗೆ, ಲೋಹದ ತುದಿಯಿಂದ ಎರಡು ಬೆರಳು ದೂರದಲ್ಲಿ, ರಬ್ಬರು ಹಲಸಿನ ತೊಳೆಯ ಪದರದಂತೆ ಎದ್ದು ತೂತಿಗೆ ಅಡ್ಡವಾಗಿ ಮಡಚಿಕೊಂಡಿತ್ತು. ಗುಂಡುಸೂಜಿಯಲ್ಲಿ ಚಕ್ರದ ಕಡೆಗೆ ತಳ್ಳಿದರೆ ಬಾಗುತ್ತಿತ್ತು, ಬಿಟ್ಟರೆ ವಾಪಸ್ ಬಂದು ಮುಚ್ಚುತ್ತಿತ್ತು. ಒಮ್ಮುಖದ ಬಾಗಿಲು. ಕಾಲಿನಿಂದ ಬರುವ ಒತ್ತಡಕ್ಕೆ ಅದು ತೆರೆದುಕೊಳ್ಳುತ್ತದೆ. ಆದರೆ ಕಾಲು ತೆಗೆದ ಮೇಲೆ ದ್ರವವನ್ನು ಹಿಂದಕ್ಕೆ ಕಳಿಸಬೇಕಾದದ್ದು ಕ್ಯಾಲಿಪರಿನ ಪಿಸ್ಟನ್ನಿಗೆ ಸುತ್ತಿದ ಒಂದು ರಬ್ಬರ್ ಉಂಗುರದ ಸೆಳೆತ. ಅದರ ಬಲ ಎಷ್ಟು ಮಹಾ? ಬಾಗಿಲು ತೆರೆಯದೆ ಪ್ಯಾಡು ಡಿಸ್ಕನ್ನು ಕಚ್ಚಿಕೊಂಡೇ ಉಳಿದಿತ್ತು, ಘಾಟಿಯುದ್ದಕ್ಕೂ.

ನನ್ನ ವಾದವೆಲ್ಲ ಈ ಸೀಳಿದ ಹೋಸಿನಿಂದ ಹೊರಟದ್ದು. ಹೋಸನ್ನು ಕಣ್ಣಿನಿಂದ ನೋಡಿ ಫೇಲ್ ಮಾಡಬಹುದು, ಕಣ್ಣಿನಿಂದ ನೋಡಿ ಪಾಸ್ ಮಾಡಲು ಬರುವುದಿಲ್ಲ. ಕೈಯಲ್ಲಿ ಬಗ್ಗಿಸಿದಾಗ ಬಿರುಕು ಬಾಯಿ ಬಿಟ್ಟರೆ, ಒಬ್ಬರು ಪೆಡಲ್ ತುಳಿದು ಹಿಡಿದಾಗ ಎಲ್ಲಾದರೂ ಗುಳ್ಳೆಯಂತೆ ಉಬ್ಬಿದರೆ, ಲೋಹದ ತುದಿಯಲ್ಲಿ ಪಸೆ ಕಂಡರೆ, ಸ್ಟೇರಿಂಗ್ ಪೂರ್ತಿ ಹೊಡೆದಾಗ ಟೈರು ಸವರಿದ ಗುರುತಿದ್ದರೆ ಎರಡನೆಯ ಯೋಚನೆ ಬೇಡ, ತೆಗೆಸಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಕೆಸರು ತೊಳೆದು ಇಷ್ಟನ್ನು ನೋಡಲು ಯಾವ ವಿದ್ಯೆಯೂ ಬೇಕಿಲ್ಲ. ಜಾಕೊಂದನ್ನೇ ನಂಬಿ ಗಾಡಿಯ ಅಡಿಗೆ ನುಗ್ಗದಿರುವ ವಿವೇಕ ಬೇಕು. ಇವುಗಳಲ್ಲಿ ಯಾವುದೂ ಕಾಣದಿದ್ದರೆ? ಆಗ ನಮಗೆ ಗೊತ್ತಾದದ್ದು ಹೊರಗಿನ ಹೊದಿಕೆ ಚೆನ್ನಾಗಿದೆ ಎಂಬುದು ಮಾತ್ರ. ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷವಾದ ಮೇಲೆ ಪ್ರತಿ ವರ್ಷ ಪರೀಕ್ಷೆಯಿದೆ, ಹೋಸು ಉಬ್ಬಿದೆಯೇ, ಸವೆದಿದೆಯೇ, ತಿರುಚಿದೆಯೇ ಎಂದು ಅಲ್ಲಿ ನೋಡಿಯೇ ನೋಡುತ್ತಾರೆ. ಆ ಪರೀಕ್ಷಕನ ಬ್ಯಾಟರಿಯ ಬೆಳಕೂ ಹೊದಿಕೆಯ ಆಚೆ ಹೋಗದು. ಹಾಗಾಗಿ ನಮ್ಮಲ್ಲೂ ವರ್ಷಾವರ್ಷ ತಪಾಸಣೆ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಜೊತೆ ನಾನು ಅರ್ಧ ದೂರ ಮಾತ್ರ ಬರಬಲ್ಲೆ.

ಕಣ್ಣಿಗೆ ಕಾಣದ ಕಡೆ ಕ್ಯಾಲೆಂಡರನ್ನು ನಂಬಬೇಕು. ಇದು ನಮಗೆ ಹೊಸ ಮಾತೇನೂ ಅಲ್ಲ. ಅಡುಗೆಮನೆಯಲ್ಲಿ ಸಿಲಿಂಡರಿನಿಂದ ಒಲೆಗೆ ಹೋಗುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ ಎಂದು ಗ್ಯಾಸ್ ಕಂಪನಿಗಳು ಹೇಳುತ್ತವೆ. ಸೋರಲಿ, ನೋಡೋಣ ಎಂದು ಯಾವ ಗೃಹಿಣಿಯೂ ಕೂರುವುದಿಲ್ಲ. ರೆಗ್ಯುಲೇಟರ್ ದಾಟಿ ಆ ಪೈಪಿನಲ್ಲಿ ಹೋಗುವ ಗ್ಯಾಸಿನ ಒತ್ತಡವಾದರೂ ಎಷ್ಟು? ಮಕ್ಕಳ ಹುಟ್ಟುಹಬ್ಬಕ್ಕೆ ಬಲೂನು ಊದುವಷ್ಟು. ಸಾವಿರ ಪಿಎಸ್‌ಐ ಹೊರುವ ಕೊಳವೆಗೆ ಮಾತ್ರ ನಮ್ಮ ನಿಯಮ ‘ಕೆಟ್ಟ ಮೇಲೆ ನೋಡಿದರಾಯ್ತು’. ಯಮಹಾ ಬೈಕುಗಳ ಕೈಪಿಡಿ ಈ ವಿಷಯದಲ್ಲಿ ಹೆಚ್ಚಿನ ಕಾರಿನ ಕೈಪಿಡಿಗಳಿಗಿಂತ ನೇರ: ಬ್ರೇಕ್ ಹೋಸನ್ನು ನಾಲ್ಕು ವರ್ಷಕ್ಕೊಮ್ಮೆ ಬದಲಿಸಿ, ಅದಕ್ಕೆ ಮೊದಲೇ ಬಿರುಕು ಬಿಟ್ಟರೆ ಆಗಲೂ ಬದಲಿಸಿ. ಕಾರಿಗೆ ನಾಲ್ಕು ವರ್ಷ ವಿಪರೀತವಾಯಿತು ಎಂದೇ ಇಟ್ಟುಕೊಳ್ಳಿ. ಹತ್ತು ತುಂಬಿದ ಹೋಸು ಹೇಗೇ ಕಾಣಲಿ, ತೆಗೆಯತಕ್ಕದ್ದು ಎಂಬುದು ನನ್ನ ಲೆಕ್ಕ. ಘಾಟಿಯ ಮೇಲೆ ಕೆಳಗೆ ಓಡಾಡುವ ನಮ್ಮಂಥವರಿಗೆ ಅದಕ್ಕೂ ಮುಂಚೆ.

‘ಗಾಡಿ ಓಡಿದ್ದೇ ಕಮ್ಮಿ, 40 ಸಾವಿರ ಕಿಲೋಮೀಟರ್ ಅಷ್ಟೆ’ ಎನ್ನುವವರಿದ್ದಾರೆ. ಹಳೆಯ ಗಾಡಿ ಮಾರುವವರ ಮಂತ್ರವೇ ಅದು. ಎಂಜಿನ್ನಿಗೆ ಆ ಮಂತ್ರ ಫಲಿಸೀತು. ರಬ್ಬರು ಕಿಲೋಮೀಟರ್ ಎಣಿಸುವುದಿಲ್ಲ. ಗಾಳಿಯಲ್ಲಿನ ಓಜೋನು, ಕಾವು, ತೇವ ಇವು ಶೆಡ್ಡಿನಲ್ಲಿ ನಿಂತ ಗಾಡಿಯನ್ನೂ ಬಿಡವು. ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಬೆಂಗಳೂರೂ ಸೇರಿ 13 ನಗರಗಳಲ್ಲಿ ಭಾರತ್ ಸ್ಟೇಜ್ 4 ಹೊಗೆ ನಿಯಮ ಬಂದ 2010ರ ಏಪ್ರಿಲ್‌ನಲ್ಲೇ ಅಲ್ಲಿ ಅದರ ಮಾರಾಟ ನಿಂತಿತ್ತು. 1983ರಿಂದ ರಸ್ತೆಗಿಳಿದ 25 ಲಕ್ಷಕ್ಕೂ ಹೆಚ್ಚು 800ಗಳಲ್ಲಿ ಇನ್ನೂ ಓಡುತ್ತಿರುವ ಯಾವುದನ್ನೇ ತೆಗೆದುಕೊಳ್ಳಿ, ಹೋಸು ಬದಲಾಗಿಲ್ಲ ಎಂದಾದರೆ ಅದು ಹತ್ತು ವರ್ಷದ ಗಡಿ ದಾಟಿಯೇ ಇದೆ.

ಇಲ್ಲಿ ಭಾಷೆಯೂ ನಮಗೆ ಮೋಸ ಮಾಡುತ್ತದೆ. ಹೋಸಿನೊಳಗೆ ಹರಿಯುವುದನ್ನು ನಾವೆಲ್ಲ ‘ಬ್ರೇಕ್ ಆಯಿಲ್’ ಎನ್ನುತ್ತೇವೆ. ಅದು ಆಯಿಲ್ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಹೋಸಿಗೂ ಸೀಲಿಗೂ ಬಳಸುವ ರಬ್ಬರು ಅದಕ್ಕೆಂದೇ ಒಗ್ಗಿದ್ದು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಆ ರಬ್ಬರು ನೆನೆಸಿದ ಕಡಲೆಯಂತೆ ಊದಿಕೊಳ್ಳುತ್ತದೆ. ಹೆಸರಿನಲ್ಲಿ ‘ಆಯಿಲ್’ ಇದೆಯೆಂದು ಡಬ್ಬಿಯಲ್ಲಿ ಉಳಿದ ಎಂಜಿನ್ ಆಯಿಲನ್ನೋ ಪವರ್ ಸ್ಟೇರಿಂಗ್ ಆಯಿಲನ್ನೋ ಯಾರಾದರೂ ಸುರಿದರೆ ಹೋಸೊಂದೇ ಅಲ್ಲ, ಇಡೀ ಬ್ರೇಕಿನ ರಬ್ಬರೆಲ್ಲ ಹೋದಂತೆ. ದ್ರವಕ್ಕೆ ಇನ್ನೊಂದು ಗುಣವಿದೆ, ನೀರು ಕುಡಿಯುವುದು. ಡಬ್ಬಿಯ ಮುಚ್ಚಳದಿಂದಷ್ಟೇ ಅಲ್ಲ, ಹೋಸಿನ ಗೋಡೆಯ ಮೂಲಕವೂ ಗಾಳಿಯ ತೇವ ನಿಧಾನವಾಗಿ ಒಳಸೇರುತ್ತದೆ. ಹೊಸ ಡಾಟ್ 3 ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ 140ಕ್ಕೆ ಕುದಿದರೂ ಮಾನದಂಡ ಒಪ್ಪುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಆಗುಂಬೆಯಂಥ ಮಳೆಯ ನಾಡಿನಲ್ಲಿ ಹಳೆಯ ದ್ರವ, ಅದರ ಜೊತೆ ಬಿಡದೆ ಕಚ್ಚಿಕೊಂಡ ಪ್ಯಾಡು, ಮೇಲೆ ಇಳಿಜಾರು. ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಸೋಮೇಶ್ವರದ ಕಾಫಿ ನಮಗೆ ಸಿಕ್ಕಿದ್ದು ಅದೃಷ್ಟ.

ಈಗಿನ ಬ್ರೇಕುಗಳಲ್ಲಿ ಎರಡು ಪ್ರತ್ಯೇಕ ಸರ್ಕ್ಯೂಟ್ ಇರುತ್ತವೆ, ಒಂದು ಹೋಸು ಒಡೆದರೆ ಇನ್ನೊಂದು ಕಾಯುತ್ತದೆ, ಇಷ್ಟು ಹೆದರಿಕೆ ಯಾಕೆ ಎಂದು ಓದಿಕೊಂಡವರು ಕೇಳಬಹುದು. ನಿಜ, ಅದು ದೊಡ್ಡ ಸುಧಾರಣೆಯೇ. ಆದರೆ ಉಳಿದ ಅರ್ಧ ಬ್ರೇಕು ಹಿಡಿಯುವುದು ಪೆಡಲ್ ಬಹಳ ಕೆಳಗೆ ಹೋದ ಮೇಲೆ. ಆ ಗಾಬರಿಯ ಕ್ಷಣದಲ್ಲಿ ಕಾಲನ್ನು ಇನ್ನೂ ಒತ್ತಬೇಕೆಂಬ ಸಮಾಧಾನ ಎಷ್ಟು ಜನಕ್ಕೆ ಇರುತ್ತದೆ? ನನ್ನ ಹೋಸಿನಂಥ ಪ್ರಕರಣದಲ್ಲಂತೂ ಏನೂ ಒಡೆದಿಲ್ಲ, ಏನೂ ಸೋರಿಲ್ಲ. ಎರಡಲ್ಲ ನಾಲ್ಕು ಸರ್ಕ್ಯೂಟ್ ಇದ್ದರೂ ಕಾಯುವುದು ಯಾರಿಂದ ಯಾರನ್ನು?

ಇದಕ್ಕಿಂತ ತೂಕದ ಆಕ್ಷೇಪ ಗ್ಯಾರೇಜಿನಿಂದ ಬರುತ್ತದೆ. ‘ಬ್ರೇಕ್ ಹಿಡೀತಾ ಇದೆಯಲ್ಲ ಸಾರ್, ಸುಮ್ನೆ ಯಾಕೆ ಕೆದಕೋದು?’ ಇದನ್ನು ಸೋಮಾರಿತನದ ಮಾತು ಎಂದು ತಳ್ಳಿಹಾಕುವಂತಿಲ್ಲ. ಇಪ್ಪತ್ತು ವರ್ಷ ಅಲುಗದ ನಟ್ಟು ತುಕ್ಕಿನಲ್ಲಿ ಪೈಪಿಗೆ ಅಂಟಿರುತ್ತದೆ. ಮಾಮೂಲಿ ಎರಡು ಬಾಯಿಯ ಸ್ಪ್ಯಾನರ್ ಹಾಕಿ ಜಗ್ಗಿದರೆ ಮೂಲೆಗಳು ಸವೆದು ನಟ್ಟು ರೌಂಡಾಗುತ್ತದೆ, ಅಥವಾ ನಟ್ಟಿನ ಜೊತೆ ಉಕ್ಕಿನ ಪೈಪೇ ತಿರುಚಿಕೊಳ್ಳುತ್ತದೆ. ಒಂದು ಸರಿಮಾಡಲು ಹೋಗಿ ಎರಡು ಕೆಟ್ಟವು. ಮೇಲಾಗಿ ತಂದು ಹಾಕುವ ಹೊಸ ಹೋಸು ಡ್ಯೂಪ್ಲಿಕೇಟ್ ಆಗಿದ್ದರೆ ಹಳೆಯ ಒರಿಜಿನಲ್ಲೇ ವಾಸಿಯಾಗಿತ್ತು. ಈ ಎರಡೂ ಭಯ ನಿಜ. ಆದರೆ ಇವು ಯಾವಾಗ ಬದಲಿಸಬೇಕು ಎಂಬುದಕ್ಕೆ ಉತ್ತರವಲ್ಲ, ಹೇಗೆ ಬದಲಿಸಬೇಕು ಎಂಬುದಕ್ಕೆ ಎಚ್ಚರಿಕೆ. ನಟ್ಟಿನ ಆರು ಮುಖದಲ್ಲಿ ಐದನ್ನಾದರೂ ಹಿಡಿಯುವ, ಪೈಪು ತೂರಲು ಒಂದು ಕಡೆ ಸೀಳಿರುವ ಸ್ಪ್ಯಾನರೇ ಈ ಕೆಲಸಕ್ಕೆ ಇದೆ. ಅದು ಇಲ್ಲದ ಗ್ಯಾರೇಜಿನಲ್ಲಿ ಬ್ರೇಕ್ ಪೈಪು ಬಿಚ್ಚಿಸಬೇಡಿ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಸಿಂಪಡಿಸಿ ಬಿಟ್ಟರೆ ಅರ್ಧ ಜಗಳ ಕಡಿಮೆ.

ಹೊಸ ಹೋಸಿನ ವಿಷಯದಲ್ಲಿ ನಾವು ಟೈರು ಕೊಳ್ಳುವಾಗಿನ ಜಾಣತನ ತೋರಿಸಿದರೆ ಸಾಕು. ಟೈರಿನ ಮೇಲಿನ ನಾಲ್ಕಂಕಿ ಓದಿ, ‘ಇದು ಹಳೆ ಸ್ಟಾಕು’ ಎಂದು ಚೌಕಾಸಿ ಮಾಡುವವರು ಈಗ ಊರಿಗೆ ಹತ್ತು ಜನ ಸಿಗುತ್ತಾರೆ. ಹೋಸಿನ ಮೈಮೇಲೂ ತಯಾರಕರ ಹೆಸರು, ತಯಾರಾದ ದಿನಾಂಕ ಮುದ್ರಿಸುವ ಪದ್ಧತಿಯಿದೆ. ಏನೂ ಬರೆಯದ ಬೋಳು ಹೋಸನ್ನು ಎಷ್ಟೇ ಅಗ್ಗವಾದರೂ ಅಂಗಡಿಯಲ್ಲೇ ಬಿಟ್ಟು ಬರಬೇಕು. ಉದ್ದಕ್ಕೂ ಎಳೆದ ಗೆರೆಗಳನ್ನು ಚೆಂದಕ್ಕೆ ಎಂದುಕೊಂಡಿದ್ದೆ. ಕೂಡಿಸಿದ ಮೇಲೆ ಆ ಗೆರೆ ನೆಟ್ಟಗಿದ್ದರೆ ಹೋಸು ತಿರುಚಿಲ್ಲ, ಹಗ್ಗದ ಹುರಿಯಂತೆ ಸುತ್ತಿದ್ದರೆ ತಿರುಚಿದೆ. ಅಷ್ಟು ಸರಳ.

ನಮ್ಮ ಮೇಸ್ತ್ರಿ ಮುಂದಿನ ಎರಡನ್ನೂ ಒಟ್ಟಿಗೇ ಬದಲಿಸಿದರು. ಒಂದು ಹೋಗಿದ್ದರೆ ಅದರ ಜೋಡಿಯೂ ಅದೇ ವಯಸ್ಸಿನದು. ಬಿಚ್ಚುವಾಗ ಕ್ಯಾಲಿಪರನ್ನು ಹೋಸಿಗೆ ನೇತುಹಾಕದೆ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿದರು. ಕೂಡಿಸಿದ ಮೇಲೆ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಚಕ್ರವನ್ನು ಜೋತು ಬಿಟ್ಟು, ಹೋಸು ಎಲ್ಲೂ ಎಳೆಯುತ್ತಿಲ್ಲ, ತಾಗುತ್ತಿಲ್ಲ ಎಂದು ಬೆರಳಾಡಿಸಿ ನೋಡಿದರು. ಏರ್ ತೆಗೆಯುವಾಗ ಪೆಡಲಿಗೆ ನನ್ನ ಮಗಳನ್ನು ಕೂರಿಸಿದರು. ‘ತುಳಿ ಪುಟ್ಟಿ… ಹಾಗೇ ಹಿಡ್ಕ… ಈಗ ಬಿಡು.’ ನಿಪ್ಪಲ್ಲಿಗೆ ಹಾಕಿದ ಪಾರದರ್ಶಕ ಟ್ಯೂಬಿನಲ್ಲಿ ಮೊದಲು ಕಾಫಿ ಡಿಕಾಕ್ಷನ್ ಬಣ್ಣದ ದ್ರವ, ಗುಳ್ಳೆ ಗುಳ್ಳೆ. ಇಪ್ಪತ್ತು ಸಲ ತುಳಿದ ಮೇಲೆ ಜೇನಿನ ಬಣ್ಣ, ಗುಳ್ಳೆಯಿಲ್ಲ. ಬಾಟಲಿಗೆ ಇಳಿದ ಹಳೆಯದನ್ನು ಮತ್ತೆ ಡಬ್ಬಿಗೆ ಸುರಿಯಲಿಲ್ಲ. ಬಂಪರಿನ ಮೇಲೆ ಬಿದ್ದ ಎರಡು ಹನಿಯನ್ನು ತಕ್ಷಣ ನೀರಿನಲ್ಲಿ ತೊಳೆದರು, ಬಣ್ಣ ತಿಂದುಬಿಡುತ್ತದಂತೆ. ಇದೆಲ್ಲ ನಾನೇ ಮಾಡಬಹುದಿತ್ತೇ? ನೋಡುವುದು ಮಾಲೀಕನ ಕೆಲಸ, ಬಿಚ್ಚುವುದು ಕೈ ಪಳಗಿದವರ ಕೆಲಸ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಆದರೆ ಅವರು ಬಿಚ್ಚುವಾಗ ಪಕ್ಕದಲ್ಲಿ ನಿಂತಿರಬೇಕು, ವೇಟಿಂಗ್ ರೂಮಿನ ಟಿವಿ ಮುಂದೆ ಅಲ್ಲ.

ಮುಂದಿನವು ಹೀಗೆ ಮುಗಿದವು. ಹಿಂದಿನದನ್ನು ಹತ್ತು ವರ್ಷದ ಲೆಕ್ಕ ಹಿಡಿದು ನಾನೇ ಒತ್ತಾಯಿಸಿ ಈ ಬೇಸಿಗೆಯಲ್ಲಿ ಬಿಚ್ಚಿಸಲು ಹೋದೆ. ಎರಡು ರಾತ್ರಿ ಎಣ್ಣೆ ಕುಡಿಸಿದರೂ ನಟ್ಟು ಬಿಡಲಿಲ್ಲ. ಸ್ಪ್ಯಾನರ್ ಒತ್ತಿದಾಗ ಪೈಪೂ ಅದರ ಜೊತೆ ಒಂದು ಕೂದಲೆಳೆ ತಿರುಗಿತು. ಮೇಸ್ತ್ರಿ ಅಲ್ಲಿಗೇ ಕೈ ತೆಗೆದರು. ‘ಇನ್ನು ಉಕ್ಕಿನ ಪೈಪೂ ಹೊಸದೇ ಹಾಕ್ಬೇಕು. ಬೆಂಗಳೂರಿಂದ ಬರ್ಲಿ, ಅಲ್ಲೀವರೆಗೂ ಗಾಡಿ ತೆಗೀಬೇಡಿ’ ಎಂದರು. ಜೆ.ಸಿ. ರಸ್ತೆಯ ಅಂಗಡಿಗೆ ಹೇಳಿ ಮೂರು ವಾರವಾಯಿತು, ಇನ್ನೂ ಬಂದಿಲ್ಲ. ಗಾಡಿ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದೆ. ಹೊಗೆಯ ಚೀಟಿಗೆ ಇನ್ನೂ ನಾಲ್ಕು ತಿಂಗಳ ಅವಧಿಯಿದೆ.